ಬುಧವಾರದ ಕೀಟ ವೀಕ್ಷಣೆ

ಗ್ರಂಥಾಲಯ ವೃತ್ತಿಯಲ್ಲಿ ಮಕ್ಕಳ ವಿಭಾಗಕ್ಕೆ ಬಹುಕಾಲದವರೆಗೆ ಇದ್ದ ಮರ್ಯಾದೆ ರೈಲು ನಿಲ್ದಾಣದ ಕಾಯುವ ಕೋಣೆಗೆ ಇರುವಷ್ಟೇ. ಹೊಸದಾಗಿ ಸೇರಿದವರನ್ನು ಒಂದೆರಡು ವರ್ಷ ಅಲ್ಲಿ ಕೂರಿಸುವುದು, ಕೈ ಪಳಗಿತೆನಿಸಿದ ಮೇಲೆ ದಪ್ಪ ಪುಸ್ತಕಗಳ ಕಡೆಗೆ ಕಳುಹಿಸಿಕೊಡುವುದು, ಇದು ನಡೆದುಬಂದ ಪದ್ಧತಿ. ಆ ಕೋಣೆಯಲ್ಲೇ ಮೂವತ್ತನಾಲ್ಕು ವರ್ಷ ನೆಲೆನಿಂತು, ಎರಡು ಬಾರಿ ಹುಡುಕಿಕೊಂಡು ಬಂದ ಬಡ್ತಿಯನ್ನು ನಯವಾಗಿ ಹಿಂದಕ್ಕೆ ಕಳುಹಿಸಿ, ಓದುವುದನ್ನೂ ನೋಡುವುದನ್ನೂ ಒಂದೇ ಅಭ್ಯಾಸವೆಂದು ಮಕ್ಕಳಿಗಷ್ಟೇ ಅಲ್ಲದೆ ಅವರ ಕೈಹಿಡಿದು ಬಂದ ತಂದೆತಾಯಿಯರಿಗೂ ಅಜ್ಜ ಅಜ್ಜಿಯರಿಗೂ ಕಲಿಸಿಕೊಟ್ಟ ನಮ್ಮ ಹಿರಿಯ ಗ್ರಂಥಪಾಲಕಿ ಕಳೆದ ತಿಂಗಳು ನಿವೃತ್ತರಾದರು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಪ್ರಕೃತಿ ದಿನಚರಿ ಬರೆಯುವ ಅಭ್ಯಾಸ ಇಂದು ನಮ್ಮ ಹತ್ತಾರು ಶಾಖೆಗಳಲ್ಲಿ ನಡೆಯುತ್ತಿದೆ. ಅದಕ್ಕೆ ಸುತ್ತೋಲೆಗಳಿವೆ, ತರಬೇತಿಯಿದೆ, ಅಚ್ಚಾದ ಕೈಪಿಡಿಯೂ ಇದೆ. ಅದು ಹುಟ್ಟಿದ್ದು ಮಾತ್ರ ಯಾವ ಸುತ್ತೋಲೆಯಿಂದಲೂ ಅಲ್ಲ, ಒಂದು ಶಾಖೆಯ ಮೆಟ್ಟಿಲ ಮೇಲೆ ಕೂತು ರಚ್ಚೆ ಹಿಡಿದ ಒಂದು ಮಗುವಿನಿಂದ.

ಕಡತಗಳಲ್ಲಿ ಅವರ ಹುದ್ದೆಯನ್ನು ಏನೆಂದು ಬರೆದಿದ್ದರೂ ಓದುಗರ ಬಾಯಲ್ಲಿ ಅವರು 'ಪೆನ್ಸಿಲ್ ಅಕ್ಕ'. ತುರುಬಿನಲ್ಲಿ ಸದಾ ಒಂದು ಮೋಟು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಅವರು, ಅದು ಅಲ್ಲಿರುವುದನ್ನೇ ಮರೆತು ಮೇಜಿನ ಖಾನೆಗಳನ್ನೆಲ್ಲ ಜಾಲಾಡುವುದನ್ನು ಕಂಡು ಬಿದ್ದು ಬಿದ್ದು ನಕ್ಕ ಮಕ್ಕಳು ಇಟ್ಟ ಹೆಸರು ಅದು. ಐವತ್ತು ದಾಟಿ ಕೂದಲು ನರೆತಾಗ ಅದೇ ಮಕ್ಕಳ ಮಕ್ಕಳು 'ಪೆನ್ಸಿಲ್ ಅಜ್ಜಿ' ಎನ್ನತೊಡಗಿದರು. "ನಾನು ಬೇಡ ಅನ್ನದೆ ತಗೊಂಡ ಬಡ್ತಿ ಇದೊಂದೇ" ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತ ಕಿರಿಯ ಸಹೋದ್ಯೋಗಿಯೊಬ್ಬಳು, ಕಂಡದ್ದಕ್ಕೆ ಕೇಳಿದ್ದನ್ನೂ ಸೇರಿಸಿ, ಅವರ ಅಭಿನಂದನ ಗ್ರಂಥಕ್ಕೆ ಗೌರವದಿಂದ ಬರೆಯುತ್ತಿರುವ ಮಾತುಗಳು ಇವು.

ಅಕ್ಕ ಕೆಲಸಕ್ಕೆ ಸೇರಿದಾಗ ಮಕ್ಕಳ ವಿಭಾಗವೆಂದರೆ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಒಂದು ಬದಿಗೆ ಒತ್ತರಿಸಿ ಮಾಡಿದ್ದ ಕತ್ತಲೆಯ ಕೋಣೆ. ನಾಲ್ಕು ಕಪಾಟು, ಒಂದು ಉದ್ದನೆಯ ಮೇಜು, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಮಕ್ಕಳ ಪುಸ್ತಕಗಳು. ಹಿಂಬಾಗಿಲು ತೆರೆದರೆ ಹದಿನೆಂಟು ಹೆಜ್ಜೆ ಉದ್ದದ, ಹತ್ತು ಹೆಜ್ಜೆ ಅಗಲದ ಖಾಲಿ ಅಂಗಳ. ಸದಾ ತೊಟ್ಟಿಕ್ಕುವ ನಲ್ಲಿ, ಪಾಚಿ ಹಿಡಿದ ಗೋಡೆ, ಯಾರೂ ನೆಡದೆ ತಾನಾಗಿ ಬೆಳೆದ ಒಂದು ಮರ. ಮೊದಲ ಎರಡು ವರ್ಷ ಆ ಹಿಂಬಾಗಿಲಿನ ಚಿಲಕ ತೆಗೆಯುವ ಸಂದರ್ಭವೇ ಬರಲಿಲ್ಲ. ಮಕ್ಕಳು ಬರುತ್ತಿದ್ದರು, ಆನೆಯ ಪುಸ್ತಕವನ್ನೋ ತಿಮಿಂಗಿಲದ ಪುಸ್ತಕವನ್ನೋ ಮೊಹರು ಹಾಕಿಸಿಕೊಂಡು ಹೋಗುತ್ತಿದ್ದರು. ಅಕ್ಕನೂ ಮೊಹರು ಹಾಕಿ ಕಳುಹಿಸುತ್ತಿದ್ದರು. ಆ ದಿನಗಳ ಬಗ್ಗೆ ಕೇಳಿದರೆ, "ಕೆಲಸ ಸುಲಭ ಇತ್ತು, ಹೊತ್ತೇ ಹೋಗ್ತಿರಲಿಲ್ಲ" ಎನ್ನುತ್ತಿದ್ದರು.

ಮೂರನೆಯ ವರ್ಷದ ಒಂದು ಬೆಳಿಗ್ಗೆ ಮುಂಬಾಗಿಲಲ್ಲಿ ಗಲಾಟೆ. ಐದು ವರ್ಷದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಇರುವೆಗಳ ಸಾಲನ್ನು ನೋಡುತ್ತಿದ್ದಳು. ತಾಯಿ ಅವಳ ರಟ್ಟೆ ಹಿಡಿದು ಎಳೆಯುತ್ತಿದ್ದರು.

"ಏಳೇ, ಹೊತ್ತಾಯ್ತು. ಒಳಗೆ ಹೋಗಿ ಇರುವೆ ಪುಸ್ತಕ ತಗೊಳ್ಳೋಣ ಬಾ."

"ಪುಸ್ತಕದ್ದು ಬೇಡ, ಇದೇ ಬೇಕು" ಎಂದು ಮಗು ಸೂರು ಹಾರಿಹೋಗುವಂತೆ ಅತ್ತಿತು.

ಅಕ್ಕ ಎದ್ದು ಬಂದರು. ಮಗುವಿನ ಪಕ್ಕ ಮೆಟ್ಟಿಲ ಮೇಲೆಯೇ ಕೂತು, ಕಚೇರಿಯ ಎರಡು ಹಾಳೆ ತೆಗೆದು, ಒಂದನ್ನು ಮಗುವಿಗೂ ಇನ್ನೊಂದನ್ನು ತಾಯಿಗೂ ಕೊಟ್ಟರು. "ನಂಗ್ಯಾಕೆ ಮೇಡಂ?" ಎಂದು ತಾಯಿ ಕೇಳಿದ್ದಕ್ಕೆ, "ಇಬ್ಬರಿಗೂ ಕಾಣ್ತಿರೋದು ಒಂದೇನಾ ಅಂತ ನೋಡೋಣ, ಬರೀರಿ" ಎಂದರು. ಹತ್ತು ನಿಮಿಷದ ಮೇಲೆ ನೋಡಿದರೆ ಮಗುವಿನ ಹಾಳೆಯ ತುಂಬ ಇರುವೆಗಳು, ಒಂದೊಂದಕ್ಕೂ ಬೇರೆ ಬೇರೆ ಮುಖ. ತಾಯಿಯ ಹಾಳೆಯಲ್ಲಿ ಇರುವೆಯೇ ಇಲ್ಲ. ಅವು ಹೊತ್ತು ಸಾಗಿಸುತ್ತಿದ್ದ ಒಂದು ಪತಂಗದ ಮುರಿದ ರೆಕ್ಕೆ ಮಾತ್ರ, ಅದರ ಮೇಲಿನ ಚುಕ್ಕೆಗಳ ಸಮೇತ. ತಾಯಿ ಮಗಳ ಹಾಳೆಯನ್ನೂ ತನ್ನದನ್ನೂ ತಿರುತಿರುಗಿಸಿ ನೋಡಿದರು. ಆಮೇಲೆ, ಯಾರೂ ಹೇಳದೆ, ಸೆರಗು ಸಿಕ್ಕಿಸಿಕೊಂಡು ಮಗಳ ಪಕ್ಕದಲ್ಲಿ ಮತ್ತೆ ಕೂತರು. ಆ ದಿನ ಅವರು ಯಾವ ಪುಸ್ತಕವನ್ನೂ ಒಯ್ಯಲಿಲ್ಲ. ಮುಂದಿನ ಭಾನುವಾರ ನೆರೆಮನೆಯ ಇನ್ನೂ ಮೂರು ಮಂದಿಯನ್ನು ಕರೆತಂದರು.

ಹಿಂಬಾಗಿಲಿನ ಚಿಲಕ ತೆಗೆದದ್ದು ಆ ಭಾನುವಾರ. ತುಕ್ಕು ಹಿಡಿದು ಅಲುಗದಿದ್ದ ಚಿಲಕವನ್ನು ಸುತ್ತಿಗೆಯಿಂದ ಬಡಿದು ಬಿಡಿಸಿಕೊಟ್ಟವರು ನಮ್ಮ ಶಾಖೆಯ ಬೈಂಡರ್ ಮಾವ. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುತ್ತಿದ್ದ ಆ ಹಿರಿಯರಿಗೆ ಗೊಣಗುವುದೆಂದರೆ ಉಸಿರಾಟದಷ್ಟೇ ಸಹಜ. "ಪುಸ್ತಕ ಹರಿಯೋ ಮಕ್ಕಳು ಸಾಲ್ದು ಅಂತ ಈಗ ಪುಸ್ತಕ ಬರೆಯೋ ಮಕ್ಕಳು ಬೇರೆ" ಎಂದು ಗೊಣಗುತ್ತಲೇ ಅವರು ಒಂದು ಬದಿ ಖಾಲಿ ಇದ್ದ ಕಚೇರಿ ಹಾಳೆಗಳನ್ನು ಸೇರಿಸಿ, ಅಂಗೈಯಗಲದ ಪುಸ್ತಕಗಳನ್ನು ಹೊಲಿದುಕೊಟ್ಟರು. ಮುಂದೆ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದು ಸೂಚಿ ಕಾರ್ಡುಗಳ ಕೆಲಸ ಮುಗಿದಾಗ ಆ ಸಾವಿರಾರು ಕಾರ್ಡುಗಳೂ ಅವರ ಸೂಜಿಯ ಕೆಳಗೆ ಬಂದವು. ಮುಂಬದಿಯಲ್ಲಿ ಯಾವುದೋ ಇತಿಹಾಸ ಗ್ರಂಥದ ವಿವರ, ಹಿಂಬದಿಯಲ್ಲಿ ಜೇಡ. ಅಂಥ ಪುಸ್ತಕಗಳು ಇಂದಿಗೂ ಊರಿನ ಎಷ್ಟೋ ಮನೆಗಳಲ್ಲಿವೆ.

ಮಕ್ಕಳು ಅದಕ್ಕೆ 'ಕಂಡಿದ್ದು ಪುಸ್ತಕ' ಎಂದು ಹೆಸರಿಟ್ಟರು. ಮೇಲುಗಡೆ ದಿನ, ಹೊತ್ತು, ಬಿಸಿಲೋ ಮೋಡವೋ ಎಂಬುದು; ಕೆಳಗೆ ಕಂಡದ್ದು, ಬರೆದರೂ ಸರಿ, ಬಿಡಿಸಿದರೂ ಸರಿ; ಕೊನೆಯಲ್ಲಿ 'ಗೊತ್ತಿಲ್ಲ' ಎಂದು ಬರೆದು ಎರಡು ಗೆರೆ ಖಾಲಿ. ಆ ಎರಡು ಗೆರೆಯ ಮೇಲೆ ಅಕ್ಕನಿಗೆ ಬಹಳ ಪ್ರೀತಿ. "ಹಕ್ಕಿ ಒಂಟಿ ಕಾಲಲ್ಲಿ ಯಾಕೆ ನಿಂತಿತ್ತು, ಗೊತ್ತಿಲ್ಲ. ಅಜ್ಜನಿಗೂ ಗೊತ್ತಿಲ್ಲ" ಎಂದು ಒಬ್ಬ ಹುಡುಗ ಬರೆದದ್ದನ್ನು ಓದಿ, ಆ ಅಜ್ಜನನ್ನೇ ಕರೆದು ಕೈಕುಲುಕಿದ್ದರಂತೆ. ಆಗಿನ ಮುಖ್ಯ ಗ್ರಂಥಪಾಲಕರಿಗೆ ಮಾತ್ರ ಇದು ಹಿಡಿಸಲಿಲ್ಲ. "ನಮ್ಮ ಕೆಲಸ ಪುಸ್ತಕ ಕೊಡೋದಮ್ಮ, ಹುಳ ತೋರಿಸೋದಲ್ಲ" ಎಂದರು. ಅಕ್ಕ ಎದುರಾಡಲಿಲ್ಲ. ಮೂರು ತಿಂಗಳ ಮೇಲೆ, ಭಾನುವಾರ ಬಂದವರು ಒಳಗಿನಿಂದ ಒಯ್ದ ಪುಸ್ತಕಗಳ ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟು ಬಂದರು. ಕೀಟ, ಹಕ್ಕಿ, ಮೋಡ, ಮಣ್ಣು ಎಂದು ಅದುವರೆಗೆ ಧೂಳು ತಿನ್ನುತ್ತಿದ್ದ ಪುಸ್ತಕಗಳಲ್ಲಿ ಒಂದೂ ಕಪಾಟಿನಲ್ಲಿ ಉಳಿದಿರಲಿಲ್ಲ. ಸಾಹೇಬರು ಆಮೇಲೆ ಆ ಮಾತು ಎತ್ತಲಿಲ್ಲ. ನಿವೃತ್ತಿಯ ಹಿಂದಿನ ವರ್ಷ ತಾವೂ ಮೊಮ್ಮಗಳ ಜೊತೆ ಒಂದು ಮೂಲೆಯಲ್ಲಿ ಕೂತು ಅಳಿಲು ಬರೆಯುತ್ತಿದ್ದರೆಂದು ಬೈಂಡರ್ ಮಾವ ಸಾಯುವವರೆಗೂ ಹೇಳುತ್ತಿದ್ದರು.

ಆ ಭಾನುವಾರಗಳನ್ನು ನೆನೆದರೆ ಈಗಲೂ ಮನಸ್ಸು ಒದ್ದೆಯಾಗುತ್ತದೆ. ಒಣಗಿದ ಎಲೆಯ, ಹೊಸದಾಗಿ ಚೂಪು ಮಾಡಿದ ಪೆನ್ಸಿಲಿನ, ನಲ್ಲಿಯ ಕೆಳಗಿನ ಕೆಸರಿನ ಬೆರಕೆ ವಾಸನೆ. ಅಂಗಳದ ತುಂಬ ಬೆನ್ನು ಬಾಗಿಸಿ ಕೂತ ದೊಡ್ಡವರು, ಹೊಟ್ಟೆಯ ಮೇಲೆ ಮಲಗಿದ ಚಿಕ್ಕವರು. ಮೂವತ್ತು ಮಂದಿ ಸೇರಿದ್ದರೂ ನಲ್ಲಿಯ ಹನಿ ಬೀಳುವುದು ಕೇಳಿಸುವಷ್ಟು ಮೌನ. ದೊಡ್ಡವರೂ ತಮ್ಮದೇ ಪುಸ್ತಕ ಇಟ್ಟುಕೊಂಡು ಬರೆಯಲೇಬೇಕು, ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಒಂದು ಪುಟ ಓದಲೇಬೇಕು ಎಂಬುದು ಅಕ್ಕ ಮಾಡಿದ್ದ ನಿಯಮ. ಮಗುವನ್ನು ಬರೆಯಲು ಕೂರಿಸಿ ತಾವು ಗೋಡೆಗೊರಗಿ ಹರಟುವ ಹಿರಿಯರನ್ನು ಅವರು ಸಹಿಸುತ್ತಿರಲಿಲ್ಲ. ಆ ನಿಯಮದ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಆ ಹೆಮ್ಮೆಯೇ ಹದಿನೈದನೆಯ ವರ್ಷದಲ್ಲಿ ಅವರ ಕೈಯಲ್ಲಿ ಒಂದು ತಪ್ಪು ಮಾಡಿಸಿತು. ಅಭಿನಂದನ ಗ್ರಂಥದಲ್ಲಿ ಇಂಥದ್ದು ಬರೆಯಬಹುದೇ ಎಂದು ಸಂಕೋಚದಿಂದ ಕೇಳಿದಾಗ, "ಅದನ್ನ ಬಿಟ್ಟು ಬರೆದ್ರೆ ಅದು ನನ್ನ ಕಥೆಯೇ ಅಲ್ಲ" ಎಂದವರು ಅವರೇ. ಇನ್ನೊಬ್ಬರ ಒಪ್ಪಿಗೆಯೂ ಸಿಕ್ಕಿದ ಮೇಲೆಯೇ ಇದನ್ನು ಬರೆಯಲಾಗಿದೆ.

ಆ ಇನ್ನೊಬ್ಬರು ಗ್ರಂಥಾಲಯದಿಂದ ಎರಡು ಬೀದಿ ಆಚೆಗೆ ಗ್ಯಾರೇಜ್ ಇಟ್ಟುಕೊಂಡಿರುವ ಮೆಕ್ಯಾನಿಕ್. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಭಾನುವಾರವೂ ಅವರಿಗೆ ಕೆಲಸ. ಹಾಗಾಗಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಬರುವ ಪಾಲು ತಂದೆಯದಾಗಿತ್ತು. ಮನೆಯಲ್ಲೂ ಗ್ರಂಥಾಲಯದಲ್ಲೂ 'ಚೂಟಿ' ಎಂದೇ ಕರೆಸಿಕೊಳ್ಳುತ್ತಿದ್ದ ಆ ಹುಡುಗಿಗೆ ಅಪ್ಪನೆಂದರೆ ಜಗತ್ತೇ. ಮೆಕ್ಯಾನಿಕ್ ಕಣ್ಣು ಮುಚ್ಚಿ ಗೋಡೆಗೊರಗಿ ಕೂರುತ್ತಿದ್ದರು. ಮರದಲ್ಲಿ ಎಷ್ಟು ಹಕ್ಕಿಗಳಿವೆ, ಯಾವುದು ಮರಿ, ಯಾವುದು ತಾಯಿ ಎಂದು ಕಿವಿಯಿಂದಲೇ ಹೇಳುತ್ತಿದ್ದರು. ಗಾಡಿಯ ಸದ್ದು ಕೇಳಿ ಒಳಗೆ ಏನು ಕೆಟ್ಟಿದೆಯೆಂದು ಹೇಳುವ ಕಿವಿ ಅದು. ಆದರೆ ಪುಟ ಓದುವ ಸರದಿ ಬಂದಾಗಲೆಲ್ಲ ಅವರಿಗೆ ಒಂದು ತಾಪತ್ರಯ. ಒಂದು ವಾರ ಕನ್ನಡಕ ಮರೆತು ಬಂದಿರುತ್ತಿದ್ದರು, ಒಂದು ವಾರ ಕೈಗೆ ಪೆಟ್ಟಾಗಿರುತ್ತಿತ್ತು, ಮತ್ತೊಂದು ವಾರ ಗಂಟಲು ಕಟ್ಟಿರುತ್ತಿತ್ತು.

ಆ ತಪ್ಪು ನಡೆದ ಭಾನುವಾರ ಕೇಂದ್ರ ಗ್ರಂಥಾಲಯದಿಂದ ಹಿರಿಯ ಅಧಿಕಾರಿಗಳು ನೋಡಲು ಬಂದಿದ್ದರು. ಎಲ್ಲವೂ ಅಚ್ಚುಕಟ್ಟಾಗಿ ನಡೆಯಬೇಕೆಂದು ಅಕ್ಕ ಬೆಳಗಿನಿಂದ ತುದಿಗಾಲಲ್ಲಿ ನಿಂತಿದ್ದರು. ಮೆಕ್ಯಾನಿಕ್ ಸರದಿ ಬಂತು.

"ನಂದು ಇರ್ಲಿ ಬಿಡಿ ಮೇಡಂ, ಮುಂದಿನ ವಾರ."

"ಮುಂದಿನ ವಾರ ಮುಂದಿನ ವಾರ ಅಂತ ಮೂರು ತಿಂಗಳಾಯ್ತು. ಇವತ್ತು ನೆಪ ನಡಿಯಲ್ಲ, ಏಳಿ."

ಅವರು ಎದ್ದರು. ಪುಸ್ತಕ ತೆರೆದು ಹಿಡಿದರು. ಪುಟಗಳನ್ನು ಹಿಂದೆ ಮುಂದೆ ತಿರುವುತ್ತಲೇ ಇದ್ದುದನ್ನು ಅಕ್ಕ ಕಂಡರು; ಕಂಡೂ ಅದನ್ನು ಸಭಾಕಂಪವೆಂದುಕೊಂಡರು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. "ಒಂದು ಗಾಡಿ ಅರ್ಧಕ್ಕೆ ಬಿಚ್ಚಿಟ್ಟು ಬಂದೆ, ಮರ್ತೇಬಿಟ್ಟಿದ್ದೆ" ಎಂದು ಪುಸ್ತಕವನ್ನು ನೆಲದ ಮೇಲಿಟ್ಟು ಮಗಳ ಕೈಹಿಡಿದು ಅವರು ನಡೆದುಬಿಟ್ಟರು. ಅವರು ಬಾಗಿಲು ದಾಟುವ ಮೊದಲೇ ಅಕ್ಕ ನಗುತ್ತಾ ಆಡಿದ ಮಾತು ಇದು: "ನೋಡಿ, ದೊಡ್ಡವರೇ ಹೀಗೆ ತಪ್ಪಿಸ್ಕೊಂಡು ಓಡಿದ್ರೆ ಮಕ್ಕಳಿಗೆ ನಾವೇನ್ ಹೇಳೋದು?" ಎಲ್ಲರೂ ನಕ್ಕರು. ಚೂಟಿ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು.

ಸಂಜೆ ಅಂಗಳ ಗುಡಿಸುವಾಗ ಆ ಪುಸ್ತಕ ಅಕ್ಕನ ಕೈಗೆ ಬಂತು. ತೆರೆದರೆ ಒಂದು ಅಕ್ಷರವೂ ಇಲ್ಲ. ಪುಟದ ಮೇಲೆ ಪುಟ ಬರೀ ಗೆರೆಗಳು. ಏರುವ ಗೆರೆ, ಇಳಿಯುವ ಗೆರೆ, ನಡುನಡುವೆ ಚುಕ್ಕೆ, ಕೆಲವೆಡೆ ಸುರುಳಿ. ಎರಡು ದಿನ ಅವರಿಗೆ ತಲೆಬುಡ ತಿಳಿಯಲಿಲ್ಲ. ಮೂರನೆಯ ದಿನ ಮರದಲ್ಲಿ ಒಂದು ಹಕ್ಕಿ ಎರಡು ಸಲ ಏರಿಸಿ ಒಂದು ಸಲ ಇಳಿಸಿ ಕೂಗಿದಾಗ, ಕೈಯಲ್ಲಿದ್ದ ಪುಟದಲ್ಲಿ ಎರಡು ಏರುಗೆರೆ, ಒಂದು ಇಳಿಗೆರೆ ಇದ್ದವು. ಕೊನೆಯ ಹಾಳೆಯ ಹಿಂದೆ, ಮಗು ತಿದ್ದಿದಂಥ ಅಂಕುಡೊಂಕು ಅಕ್ಷರಗಳಲ್ಲಿ, 'ಮಕ್ಕಳ ವಿಭಾಗ' ಎಂದು ನಾಲ್ಕು ಸಲ ಬರೆದು ನಾಲ್ಕು ಸಲವೂ ಹೊಡೆದು ಹಾಕಿತ್ತು. ಕಪಾಟಿನ ಮೇಲಿನ ಫಲಕ ನೋಡಿಕೊಂಡು ನಕಲು ಮಾಡಿದ್ದು. ಅಕ್ಕ ಪುಸ್ತಕ ಮುಚ್ಚಿ, ಆ ದಿನ ಮೊದಲ ಬಾರಿಗೆ ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಹೋದರು.

ನಾಲ್ಕು ಭಾನುವಾರ ತಂದೆ ಮಗಳು ಬರಲಿಲ್ಲ. ಹೋಗಿ ಕಾಣುವ ಧೈರ್ಯ ಕೂಡಿಸಿಕೊಳ್ಳಲು ಅಕ್ಕನಿಗೂ ಅಷ್ಟೇ ದಿನ ಬೇಕಾಯಿತು. ಐದನೆಯ ವಾರದ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಆ ಪುಸ್ತಕವನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಅವರು ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಒಬ್ಬರೇ ಇದ್ದರು. ಒಂದು ಡಬ್ಬದ ಮೇಲೆ ಕೂತು ಬುತ್ತಿ ಮುಚ್ಚುತ್ತಿದ್ದರು.

"ಇದನ್ನ ಮರೆತು ಬಂದಿದ್ರಿ."

"ಮರೆತಿದ್ದಲ್ಲ ಮೇಡಂ, ಬಿಟ್ಟು ಬಂದಿದ್ದು."

"ನಂದು ತಪ್ಪಾಯ್ತು. ಅಷ್ಟು ಜನರ ಮುಂದೆ ನಾನು ಹಾಗೆ ಅನ್ನಬಾರದಿತ್ತು."

"ನಿಮಗೇನು ಗೊತ್ತು, ಬಿಡಿ."

"ಗೊತ್ತಾಗಬೇಕಿತ್ತು. ನೋಡೋದು ಹೇಗೆ ಅಂತ ಊರಿಗೆಲ್ಲ ಹೇಳ್ಕೊಡೋಳು ನಾನು. ನನ್ನ ಕಣ್ಣ ಮುಂದೆ ಇದ್ದಿದ್ದೇ ನಂಗೆ ಕಾಣಲಿಲ್ಲ."

ಮೆಕ್ಯಾನಿಕ್ ಬಟ್ಟೆ ತೆಗೆದುಕೊಂಡು ಕೈ ಒರೆಸಿಕೊಂಡರು. ಆಮೇಲೆ, "ಮಗಳಿಗೆ ಗೊತ್ತಿಲ್ಲ" ಎಂದರು. "ಅವಳ ಮಾರ್ಕ್ಸ್ ಕಾರ್ಡು ಬಂದ್ರೆ ಅವಳಮ್ಮ ಮೊದಲೇ ನಂಗೆ ಹೇಳಿರ್ತಾಳೆ. ನಾನು ಓದಿದ ಹಾಗೆ ಮಾಡಿ ಭೇಷ್ ಅಂತೀನಿ. ಅಪ್ಪಂಗೆ ಎಲ್ಲಾ ಬರತ್ತೆ ಅಂತ ಅವಳ ತಲೇಲಿ ಕೂತ್ಬಿಟ್ಟಿದೆ. ಅದೊಂದು ಉಳ್ಕೊಳ್ಲಿ ಮೇಡಂ."

ಅಕ್ಕ ಪುಸ್ತಕ ತೆರೆದು ಒಂದು ಗೆರೆಯ ಮೇಲೆ ಬೆರಳಿಟ್ಟು, ಇದು ಯಾವುದು ಎಂದು ಕೇಳಿದರು. ಮೆಕ್ಯಾನಿಕ್ ಸಿಳ್ಳೆ ಹಾಕಿ ತೋರಿಸಿದರು. ಇದು? ಅದಕ್ಕೂ ಸಿಳ್ಳೆ. ಇದು? "ಅದು ಹಕ್ಕಿಯಲ್ಲ, ನಿಮ್ಮ ನಲ್ಲಿ. ವಾಷರ್ ಹೋಗಿದೆ" ಎಂದರು. ಇಬ್ಬರೂ ನಕ್ಕದ್ದು ಆಗಲೇ. "ನಲವತ್ತು ದಾಟಿತು ನಂಗೆ, ಇಷ್ಟು ದನಿ ಆ ಮರದಲ್ಲಿದೆ ಅಂತ ಗೊತ್ತೇ ಇರ್ಲಿಲ್ಲ. ನೀವು ನಂಗೆ ಕೇಳಿಸ್ಕೊಳ್ಳೋದು ಹೇಳ್ಕೊಡಿ, ನಾನು ನಿಮಗೆ ಬರೆಯೋದು ಹೇಳ್ಕೊಡ್ತೀನಿ" ಎಂದರು ಅಕ್ಕ. ಮೆಕ್ಯಾನಿಕ್ ಅವರಿಗೆ ಕೂರಲು ಇನ್ನೊಂದು ಡಬ್ಬವನ್ನು ಮುಂದೆ ತಳ್ಳಿದರು.

ಅಲ್ಲಿಂದ ಮುಂದೆ ವಾರಕ್ಕೆ ಮೂರು ಮಧ್ಯಾಹ್ನ ಅರ್ಧ ಗಂಟೆಯ ಪಾಠ. ಪಠ್ಯಪುಸ್ತಕ ಬೇರೆ ಬೇಕಾಗಲಿಲ್ಲ. ಗ್ಯಾರೇಜಿನ ಗೋಡೆಯಲ್ಲಿ, ತೂಗುಹಾಕಿದ ಟೈರುಗಳ ಹಿಂದೆ, ಒಂದು ಕಣಜ ಮಣ್ಣಿನ ಗೂಡು ಕಟ್ಟುತ್ತಿತ್ತು. ಅದು ಹಸಿ ಮಣ್ಣಿನ ಉಂಡೆ ತರುವುದು, ಒತ್ತುವುದು, ಮತ್ತೆ ಹಾರುವುದು, ಜೇಡವನ್ನು ಹೊತ್ತು ತಂದು ಒಳಗೆ ತುಂಬಿ ಬಾಯಿ ಮುಚ್ಚುವುದು. ಮೆಕ್ಯಾನಿಕ್ ಕಂಡದ್ದನ್ನು ಹೇಳುವರು, ಅಕ್ಕ ಬರೆಯುವರು, ಅದನ್ನು ನೋಡಿ ಮೆಕ್ಯಾನಿಕ್ ಅಕ್ಷರ ತಿದ್ದುವರು. ಸ್ಪ್ಯಾನರ್ ಹಿಡಿದರೆ ಹೂವಿನಂತೆ ಆಡುವ ಕೈ ಪೆನ್ಸಿಲ್ ಹಿಡಿದರೆ ಕಬ್ಬಿಣದ ಸಲಾಕೆಯಾಗುತ್ತಿತ್ತು. ಮೊನೆಗಳು ಮುರಿದದ್ದಕ್ಕೆ ಲೆಕ್ಕವಿಲ್ಲ. ಐದು ತಿಂಗಳಾದ ಮೇಲೆ, ಯಾರದ್ದೂ ನಕಲಲ್ಲದ, ಅವರದೇ ಆದ ಒಂದು ಸಾಲು ಹುಟ್ಟಿತು: 'ಕಣಜ ಇವತ್ತು ಆರು ಸಲ ಮಣು ತಂತು.'

ಆ ಸಾಲು ಬರೆದ ಸಂಜೆ ಅವರು ಹೆಂಡತಿಯನ್ನೂ ಅಕ್ಕನನ್ನೂ ಕೇಳದೆ ಒಂದು ತೀರ್ಮಾನ ಮಾಡಿದರು. ಮಗಳನ್ನು ಕರೆದುಕೊಂಡು ಗ್ರಂಥಾಲಯದ ಮೆಟ್ಟಿಲಿಗೆ ಬಂದು ಕೂರಿಸಿ, ಹಾಳೆಯನ್ನು ಅವಳ ಕೈಗಿತ್ತು, "ಪುಟ್ಟಿ, ನಂಗೆ ಓದು ಬರಹ ಬರ್ತಿರಲಿಲ್ಲ. ಈಗ ಕಲೀತಾ ಇದೀನಿ" ಎಂದರು. ಒಳಗೆ ಕೌಂಟರಿನಲ್ಲಿದ್ದ ಅಕ್ಕನಿಗೆ ಎಲ್ಲವೂ ಕೇಳಿಸಿತು. ಮಗಳು ಅಪ್ಪನನ್ನು ತಬ್ಬಿಕೊಳ್ಳುತ್ತಾಳೆಂದು ಅವರು ಕಾದರು. ಚೂಟಿ ಎದ್ದು ನಿಂತಳು.

"ಹಾಗಾದ್ರೆ ನನ್ನ ಮಾರ್ಕ್ಸ್ ಕಾರ್ಡು ಓದಿ ಭೇಷ್ ಅಂದಿದ್ದು?"

ತಂದೆ ಅವಳನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಳ್ಳಲು ಕೈ ಚಾಚಿದರು.

"ನಾನು ಬರೆದ ಕಥೆ ಓದಿ ಚೆನ್ನಾಗಿದೆ ಅಂದ್ಯಲ್ಲ, ಅದು? ಅದೂ ಸುಳ್ಳಾ? ಅಮ್ಮಂಗೂ ಗೊತ್ತಿತ್ತಾ?"

ಹಾಳೆಯನ್ನು ಅಪ್ಪನ ಮಡಿಲಿಗೆ ಎಸೆದು ಅವಳು ಓಡಿಹೋದಳು. ಒಂದು ವಾರ ಅಪ್ಪನ ಜೊತೆ ಮಾತಿಲ್ಲ. ಎಂಟನೆಯ ದಿನ ಒಬ್ಬಳೇ ಬಂದು ಕೌಂಟರಿನ ಮುಂದೆ ನಿಂತಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಅದು ನನ್ನ ಮಾತಲ್ಲ ಮರಿ, ನಿಮ್ಮಪ್ಪಂದು. ಅವರೇ ಹೇಳ್ಬೇಕಿತ್ತು, ಹೇಳಿದ್ರು. ನಿಂಗೆ ಸಿಟ್ಟು ಬಂದಿರೋದು ಸರೀನೇ. ಆದ್ರೆ ನಿಮ್ಮಪ್ಪ ಸುಮ್ಮನಿದ್ದಿದ್ರೆ ನಿಂಗೆ ಯಾವತ್ತೂ ತಿಳೀತಿರಲಿಲ್ಲ. ಅದನ್ನೂ ಒಂಚೂರು ಯೋಚನೆ ಮಾಡು."

ಹುಡುಗಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದಳು. ಆಮೇಲೆ ಕೇಳಿದ್ದು ಒಂದೇ ಮಾತು: "ಆ ಕಣಜ ಎಲ್ಲಿದೆ?"

ಅಕ್ಕ ಅವಳನ್ನು ಗ್ಯಾರೇಜಿಗೆ ಕರೆದೊಯ್ದರು. ಗೂಡಿನಲ್ಲಿ ಮೂರು ಕೋಣೆ ಇವೆ ಎಂದಳು ಮಗಳು. ಐದು ಎಂದರು ತಂದೆ. ಇಬ್ಬರೂ ಟೈರು ಸರಿಸಿ, ಗೋಡೆಗೆ ಕೆನ್ನೆ ಹಚ್ಚಿ ಎಣಿಸಿದರು. ಎರಡು ಕೋಣೆ ಹಿಂದಿನ ಬಿರುಕಿನಲ್ಲಿ ಅಡಗಿದ್ದವು. ಸೋಲೊಪ್ಪಿದ ಮಗಳು ಅಪ್ಪನ ಪುಸ್ತಕ ಎಳೆದುಕೊಂಡು, ತನ್ನ ಚೀಲದಿಂದ ಕೆಂಪು ಪೆನ್ಸಿಲ್ ತೆಗೆದು, ಮುಖ ಬಿಗಿದುಕೊಂಡೇ ಹೇಳಿದಳು: "ಮಣ್ಣಿಗೆ ಒತ್ತು ಇಲ್ಲ."

"ಹೌದಲ್ಲಾ! ಕಣಜ ಅಷ್ಟು ಒತ್ತಿ ಒತ್ತಿ ಕಟ್ತು, ನಾನೇ ಒತ್ತು ಮರೆತೆ" ಎಂದರು ಮೆಕ್ಯಾನಿಕ್.

ಚೂಟಿ ನಗಬಾರದೆಂದು ತುಟಿ ಕಚ್ಚಿಕೊಂಡಳು, ಆಗಲಿಲ್ಲ. ಅಕ್ಕ ಅವಳ ಕೈಯಿಂದ ಕೆಂಪು ಪೆನ್ಸಿಲ್ ಮೆಲ್ಲಗೆ ತೆಗೆದುಕೊಂಡು, ತಮ್ಮ ತುರುಬಿನ ಮೋಟು ಪೆನ್ಸಿಲನ್ನು ಕೊಟ್ಟರು.

ಮುಂದಿನ ವರ್ಷದ ಒಂದು ಭಾನುವಾರ ಮೆಕ್ಯಾನಿಕ್ ತಾವಾಗಿಯೇ ಎದ್ದು ನಿಂತರು. ಆ ಹೊತ್ತಿಗೆ ಓದಲೇಬೇಕೆಂಬ ನಿಯಮವನ್ನು ಅಕ್ಕ ತೆಗೆದುಹಾಕಿದ್ದರು; ಮನಸ್ಸಿದ್ದವರು ಓದಬಹುದು, ಚಿತ್ರ ತೋರಿಸಬಹುದು, ಸಿಳ್ಳೆ ಹಾಕಬಹುದು, ಸುಮ್ಮನೂ ಇರಬಹುದು. "ಹೋದ ವರ್ಷ ಈ ಹೊತ್ತಿಗೆ ನಂಗೆ ಓದಕ್ಕೆ ಬರ್ತಿರಲಿಲ್ಲ" ಎಂದು ಸೀದಾ ಹೇಳಿ, ಬೆರಳಿಟ್ಟುಕೊಂಡು, ಕಣಜದ ಬಗ್ಗೆ ಬರೆದಿದ್ದ ಮೂರು ಸಾಲು ಓದಿದರು. ಮುಂದೆ ಕೂತ ಮಗಳ ತುಟಿಗಳು ಅವರ ಜೊತೆಗೇ ಅಲುಗುತ್ತಿದ್ದವು.

ಅದಾದ ಮೂರನೆಯ ದಿನ, ಬುಧವಾರ, ಬಟ್ಟೆ ಹೊಲಿಯುವ ಹೆಂಗಸೊಬ್ಬರು ಕೌಂಟರಿಗೆ ಬಂದು ಆಚೀಚೆ ನೋಡಿ, "ಮೇಡಂ, ಆ ಕಣಜ ನಾನೂ ನೋಡಬಹುದಾ?" ಎಂದು ಪಿಸುಗುಟ್ಟಿದರು. ಅಕ್ಕ ಅವರ ಮುಖ ನೋಡಿದರು. ಈ ಬಾರಿ ಕಾಣಬೇಕಾದದ್ದು ಕಂಡಿತು. "ಖಂಡಿತ. ಬುಧವಾರ ಬುಧವಾರ ಎರಡು ಗಂಟೆಗೆ ಬನ್ನಿ, ಹಿಂದಿನ ಕೋಣೆಯಲ್ಲಿ" ಎಂದರು. ಮುಂದಿನ ವಾರ ಅವರ ಜೊತೆ ಒಬ್ಬ ಕಾವಲುಗಾರರು ಬಂದರು, ಅದರ ಮುಂದಿನ ವಾರ ಒಬ್ಬ ಅಜ್ಜಿ. ಹಾಜರಿ ಪುಸ್ತಕದಲ್ಲಿ ಅಕ್ಕ ಆ ತರಗತಿಯನ್ನು ವಯಸ್ಕರ ಶಿಕ್ಷಣವೆಂದು ಒಂದು ದಿನವೂ ಬರೆಯಲಿಲ್ಲ. 'ಕೀಟ ವೀಕ್ಷಣೆ' ಎಂದೇ ಬರೆದರು. ಬಾಗಿಲ ಮೇಲೂ ಅದೇ ಫಲಕ. ಆ ಫಲಕದ ಕೆಳಗೆ ಯಾರು ಬೇಕಾದರೂ ತಲೆಯೆತ್ತಿ ಒಳಗೆ ಹೋಗಬಹುದಿತ್ತು. ಮಗನೋ ಮೊಮ್ಮಗಳೋ ನೋಡಿದರೂ ನಾಚಬೇಕಿರಲಿಲ್ಲ. ಹತ್ತೊಂಬತ್ತು ವರ್ಷ ಅದನ್ನು ಅವರೇ ನಡೆಸಿದರು. ಅಲ್ಲಿ ಕಲಿತವರು ಎಷ್ಟು ಮಂದಿ ಎಂದು ಕೇಳಿದರೆ ಅಕ್ಕ ಇಂದಿಗೂ ಬಾಯಿಬಿಡುವುದಿಲ್ಲ. ಒಮ್ಮೆ ಲೆಕ್ಕಪತ್ರ ನೋಡಲು ಬಂದ ಅಧಿಕಾರಿಯೊಬ್ಬರು, "ಏನಮ್ಮ ಇದು, ಬುಧವಾರ ಬುಧವಾರ ಇಷ್ಟೊಂದು ಜನ ದೊಡ್ಡವರು ಕೀಟ ನೋಡಕ್ಕೆ ಬರ್ತಾರಾ?" ಎಂದು ಹುಬ್ಬೇರಿಸಿದಾಗ, ಅಕ್ಕ ಮುಖದ ಒಂದು ಗೆರೆಯೂ ಅಲುಗದಂತೆ ಉತ್ತರಿಸಿದರು: "ನಮ್ಮ ಕಡೆ ಕೀಟ ಜಾಸ್ತಿ ಸರ್."

ಎಲ್ಲವೂ ಅವರೆಣಿಸಿದಂತೆ ಆಯಿತೆಂದೇನೂ ಅಲ್ಲ. ಇಪ್ಪತ್ತಾರನೆಯ ವರ್ಷದಲ್ಲಿ ಅಂಗಳದ ಅರ್ಧಕ್ಕೆ ಸಿಮೆಂಟು ಬಿದ್ದು ಜನರೇಟರ್ ಬಂದು ಕೂತಿತು; ಅಕ್ಕ ಬರೆದ ಏಳು ಪತ್ರಗಳಿಗೂ ಉತ್ತರ ಬರಲಿಲ್ಲ. ಮರ ಉಳಿಯಿತು, ನಲ್ಲಿ ಹೋಯಿತು. ಅದೇ ಕಾಲಕ್ಕೆ ಅವರ ತಾಯಿ ಹಾಸಿಗೆ ಹಿಡಿದರು. ಜನ್ಮದಲ್ಲಿ ಹಲ್ಲಿ ಕಂಡರಾಗದಿದ್ದ ಆ ಹಿರಿಯ ಜೀವಕ್ಕೆ ಮಲಗಿದಲ್ಲಿಂದ ಕಾಣುತ್ತಿದ್ದುದು ಚಾವಣಿ, ಚಾವಣಿಯಲ್ಲಿ ಒಂದು ಹಲ್ಲಿ. ಅಕ್ಕ ಅವರ ದಿಂಬಿನ ಬಳಿ ಒಂದು ಪುಸ್ತಕವಿಟ್ಟರು. ಮೊದಲ ಪುಟದಲ್ಲಿ 'ದರಿದ್ರದ್ದು ಇವತ್ತೂ ಬಂತು' ಎಂದಿದ್ದ ಆ ಬರಹ ಎಂಟು ತಿಂಗಳ ಮೇಲೆ 'ಇವತ್ತು ಬರಲಿಲ್ಲ, ಯಾಕೋ ಏನೋ' ಎಂಬಲ್ಲಿಗೆ ನಿಲ್ಲುತ್ತದೆ. ತಾಯಿ ಮಗಳು ಸೇರಿ ಬರೆದ ಆ ಪುಸ್ತಕವನ್ನು ಅಕ್ಕ ಯಾರಿಗೂ ಕೊಡುವುದಿಲ್ಲ. ಕೇಳಿದವರಿಗೆ ಕೈಯಲ್ಲಿ ಹಿಡಿದುಕೊಂಡೇ ತೋರಿಸುತ್ತಾರೆ.

ಚೂಟಿ ಈಗ ತಾಯಿಯ ಹಾಗೆ ನರ್ಸ್, ಬೇರೆ ಊರಿನಲ್ಲಿ. ಫೋನಿದ್ದರೂ ತಂದೆ ಅವಳಿಗೆ ತಿಂಗಳಿಗೊಂದು ಕಾಗದ ಬರೆಯುತ್ತಾರೆ. ಒತ್ತುಗಳು ಈಗಲೂ ತಪ್ಪುತ್ತವೆ. ಮಗಳು ಈಗ ತಿದ್ದುವುದಿಲ್ಲ. ಈ ಲೇಖನಕ್ಕೆ ಒಪ್ಪಿಗೆ ಕೇಳಲು ಹೋದಾಗ ಮೆಕ್ಯಾನಿಕ್, "ಬರೀರಿ. ಯಾರಾದ್ರೂ ಒಬ್ಬರು ಓದಿಸ್ಕೊಂಡು ಕೇಳಿದ್ರೂ ಸಾಕು, ಅವರು ಬುಧವಾರ ಬರ್ತಾರೆ" ಎಂದರು. ಬುಧವಾರಗಳು ನಿಂತಿಲ್ಲ.

ನಿವೃತ್ತಿಯ ಕಾಣಿಕೆ ಏನು ಬೇಕೆಂದು ನಾವು ಕೇಳಿದಾಗ ಅಕ್ಕ ಒಂದು ಬೆಂಚು ಕೇಳಿದರು. ಮರದ ಕೆಳಗೆ ಇಡಬೇಕು; ಮಗು ಕೂತರೆ ಕಾಲು ನೆಲಕ್ಕೆ ತಾಗಬೇಕು, ಅಜ್ಜ ಕೂತರೆ ಮಂಡಿ ನೋಯಬಾರದು. "ಎರಡೂ ಒಂದೇ ಬೆಂಚಲ್ಲಿ ಹೇಗಾಗತ್ತೆ?" ಎಂದು ತಲೆ ಕೆರೆದುಕೊಂಡ ಬಡಗಿ ಕೊನೆಗೆ ಒಂದು ತುದಿ ಎತ್ತರ, ಒಂದು ತುದಿ ತಗ್ಗಾಗಿ, ನಡುವೆ ಒಂದು ಮೆಟ್ಟಿಲಿಟ್ಟು ಮಾಡಿಕೊಟ್ಟರು. ಕಳೆದ ವಾರ ಅದು ಬಂತು. ಈ ಸಂಪುಟಕ್ಕೆ ಚಿತ್ರ ತೆಗೆಯಲು ಛಾಯಾಗ್ರಾಹಕರು ಬಂದದ್ದೂ ಅದೇ ದಿನ. ಗ್ರಂಥ ಸಮಿತಿಯ ಹಿರಿಯರೂ ನಾವೂ ಹೂಗುಚ್ಛ ಹಿಡಿದು ಒಳಗೆ ಕಾದಿದ್ದೆವು, ಅಭಿನಂದಿತರ ಸುಳಿವಿಲ್ಲ. ಹುಡುಕಿಕೊಂಡು ಹೋದರೆ ಅವರು ಬೆಂಚಿನ ತಗ್ಗಿನ ತುದಿಯಲ್ಲಿ, ಮಂಡಿಯ ಮೇಲೆ ಗಲ್ಲವಿಟ್ಟು, ನೆಲ ನೋಡುತ್ತಾ ಕೂತಿದ್ದರು. ಸಿಮೆಂಟಿನ ಮೇಲೆ ಒಂದು ಬಸವನಹುಳ ಮರದ ಕಡೆಗೆ ಹೊರಟಿತ್ತು.

"ಅಕ್ಕ, ಎಲ್ಲರೂ ಕಾಯ್ತಿದಾರೆ."

"ಐದು ನಿಮಿಷ ಇರಿ. ಇದು ಇನ್ನೂ ದಾಟಿಲ್ಲ."

ಐದು ನಿಮಿಷ ನಲವತ್ತಾಯಿತು. ಮೊದಲು ಛಾಯಾಗ್ರಾಹಕರು, ಆಮೇಲೆ ಸಮಿತಿಯವರು, ಕೊನೆಗೆ ನಾವು, ಒಬ್ಬೊಬ್ಬರಾಗಿ ಬಂದು ಸುತ್ತ ಕೂತೆವು. ಹೂಗುಚ್ಛವನ್ನು ಯಾರೋ ಜನರೇಟರ್ ಮೇಲಿಟ್ಟರು. ಈ ಸಂಪುಟದ ಮೊದಲ ಪುಟದ ಚಿತ್ರದಲ್ಲಿ ಅಕ್ಕ ಕ್ಯಾಮರಾ ನೋಡುತ್ತಿಲ್ಲವೆಂದು ಓದುಗರು ಆಕ್ಷೇಪಿಸಿದರೆ ಕಾರಣ ಇಷ್ಟೇ. ಅವರ ಕಣ್ಣು ಹೀಗೇ ಚುರುಕಾಗಿರಲಿ, ಮಂಡಿಗಳು ಆ ತಗ್ಗಿನ ತುದಿಗೆ ಇನ್ನೂ ಬಹುಕಾಲ ಒಪ್ಪಲಿ, ಅವರ ಪುಸ್ತಕದಲ್ಲಿ 'ಗೊತ್ತಿಲ್ಲ'ದ ಗೆರೆಗಳು ಮುಗಿಯದಿರಲಿ. ಇನ್ನೂ ಹಲವು ವರ್ಷ, ಹಲವು ಕೆಲಸಗಳ ನಡುವೆ, ಅವರು ನಮ್ಮನ್ನು ಹೀಗೇ ಕಾಯಿಸುತ್ತಿರಲಿ.